ಗೋಡೆಗೆ ತಲೆ ಬಾಚುವ ಊರು

ಫೆಬ್ರವರಿ ೩, ಸೋಮವಾರ

ಬಂದು ಇಳಿದಾಯಿತು. ಈ ಊರನ್ನು ನೋಡಲು ಜನ ಕೈಯಿಂದ ಖರ್ಚು ಮಾಡಿಕೊಂಡು ಬರುತ್ತಾರಂತೆ. ಲೋಕದಲ್ಲಿ ಕೆಲಸವಿಲ್ಲದವರು ಇಷ್ಟೊಂದು ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಕಡಲ ದಂಡೆಗೆ ಒಂದು ದಿಬ್ಬ. ದಿಬ್ಬದ ಮೈತುಂಬ ಬಿಳಿ ಮನೆಗಳು, ಕುಡಿದು ಹೊರಟ ಗೆಳೆಯರ ಹಾಗೆ ಒಂದರ ಹೆಗಲಿಗೆ ಒಂದು ಒರಗಿಕೊಂಡು ನಿಂತಿವೆ. ಒಂದನ್ನು ಎಬ್ಬಿಸಿ ಕಳಿಸಿದರೆ ಇಡೀ ಸಾಲು ಬೀಳುತ್ತದೆ. ಓಣಿಯಲ್ಲಿ ಎದುರಿಗೆ ಒಬ್ಬ ದಪ್ಪನೆಯವನು ಬಂದರೆ ಇಬ್ಬರಲ್ಲಿ ಒಬ್ಬರು ಗೋಡೆಯೊಳಗೆ ಹೊಕ್ಕು ನಿಲ್ಲಬೇಕು. ಮೇಲಂತಸ್ತಿನ ಮರದ ಕಿಟಕಿಗೂಡುಗಳು ಬೀದಿಯ ಮೇಲೆ ಮೂತಿ ಚಾಚಿವೆ. ಎದುರುಬದುರು ಮನೆಯವರು ಕೂತಲ್ಲೇ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಬಹುದು. ಬಾಗಿಲುಗಳೋ ಗಿಡ್ಡ. ತಂಗಿಯ ಮನೆಯ ಹೊಸ್ತಿಲಲ್ಲೇ ಹಣೆ ಬಡಿಸಿಕೊಂಡೆ.

"ಬಗ್ಗಿ ಬನ್ನಿ ಮಾವ, ಇಲ್ಲಿ ಎಲ್ಲರೂ ಬಗ್ಗಿನೇ ಬರೋದು" ಎಂದಳು ತಂಗಿಯ ಮಗಳು.

"ನಾನು ಬಗ್ಗೋ ಪೈಕಿ ಅಲ್ಲಮ್ಮ" ಎಂದೆ. ಒಳಗೆ ಇನ್ನೊಂದು ಬಾಗಿಲಿತ್ತು. ಅದಕ್ಕೂ ಬಡಿಸಿಕೊಂಡೆ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಗೋಡೆಗಳದು. ಕಡಲ ಕಲ್ಲಿನ ಗೋಡೆ, ಅದರ ಮೇಲೆ ಚಿಪ್ಪು ಸುಟ್ಟ ಸುಣ್ಣದ ಗಾರೆ. ಗಾರೆ ಹಸಿಯಾಗಿರುವಾಗಲೇ ಮರದ ಹಲ್ಲಿನ ದೊಡ್ಡ ಬಾಚಣಿಗೆಯಿಂದ ಸಾಲು ಸಾಲಾಗಿ ಗೀರು ಎಳೆಯುತ್ತಾರೆ. ಒಂದು ಮನೆಗೆ ಅಲೆಯ ಹಾಗೆ, ಇನ್ನೊಂದಕ್ಕೆ ಮೀನಿನ ಮೂಳೆಯ ಹಾಗೆ. ಮನೆಗೊಂದು ಬಾಚಣಿಗೆ, ಮನೆಗೊಂದು ಗೀರು. ಅದನ್ನು ಹೊರಗಿನವರ ಕೈಯಲ್ಲಿ ಎಳೆಸುವಂತಿಲ್ಲ, ಮನೆಯವರೇ ಎಳೆಯಬೇಕಂತೆ. ನಾನು ಮೀಸೆ ಮೂಡುವ ಮೊದಲೇ ಕರಣೆ ಹಿಡಿದವನು. ಗೋಡೆ ಎಂದರೆ ನೊಣ ಕೂತರೆ ಜಾರಬೇಕು. ಇವರು ಗೋಡೆಗೆ ತಲೆ ಬಾಚುತ್ತಾರೆ! ಹೂ ಮುಡಿಸುವುದೊಂದು ಬಾಕಿ.

ಹೀಗೆಂದು ನಕ್ಕಾಗ ಹುಡುಗಿ ನನ್ನ ಅಂಗಿಯ ಜೇಬನ್ನೇ ನೋಡಿದಳು. ಅಲ್ಲಿ ನನ್ನ ಬಾಚಣಿಗೆ ಇರುತ್ತದೆ, ಯಾವಾಗಲೂ.

"ಗೋಡೆಗಾದ್ರೂ ಬಾಚೋಕೆ ಏನೋ ಇದೆ ಮಾವ. ನೀವು ಏನನ್ನ ಬಾಚ್ತೀರಿ?"

ತಾಯಿಯಂತೆ ಮಗಳು. ಹಿಂಭಾಗದಲ್ಲಿ ನನಗೆ ಇನ್ನೂ ಒಳ್ಳೆಯ ಕೂದಲಿದೆ. ಮುಂದೆ ನಿಂತವರಿಗೆ ಕಾಣುವುದಿಲ್ಲ, ಅಷ್ಟೆ.

ಬಂದದ್ದು ಯಾಕೆಂದು ಬರೆದಿಡುತ್ತೇನೆ. ಭಾವ ತೀರಿಹೋಗಿ ಎರಡು ವರ್ಷ. ತಂಗಿ ಮತ್ತು ಮಗಳು ಮೇಲಿನ ಕೋಣೆಗಳನ್ನು ಊರು ನೋಡಲು ಬರುವ ಕೆಲಸವಿಲ್ಲದವರಿಗೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಾರೆ. ಬೀದಿಯ ಕಡೆಯ ಗೋಡೆ ಕೆಳಗಿನಿಂದ ಉದುರುತ್ತಿದೆ. ಬರುವ ತಿಂಗಳ ಕೊನೆಗೆ ಪುರಸಭೆಯವರು ಗೋಡೆಗಳನ್ನು ನೋಡಲು ಬರುತ್ತಾರೆ. ಕೆಟ್ಟಿದ್ದರೆ ಕೋಣೆಗಳಿಗೆ ಬೀಗ. "ಒಂದು ಸಲ ಬಂದು ನೋಡು ಅಣ್ಣ" ಎಂದು ತಂಗಿ ಫೋನಿನಲ್ಲಿ ಹೇಳಿದಳು. ನೋಡುವುದೇನು? ಇಬ್ಬರನ್ನೂ ಕರೆದುಕೊಂಡು ಹೋಗಲು ಬಂದಿದ್ದೇನೆ. ನನ್ನ ಮನೆ ಮೂರಂತಸ್ತು, ಏಳು ಕೋಣೆ, ಪೂರಾ ಕಾಂಕ್ರೀಟು, ಎಲ್ಲ ನನ್ನ ಕೈಯದೇ. ಇರುವುದು ನಾನೊಬ್ಬನೇ. ನನಗೆ ತಕ್ಕವಳು ಹುಟ್ಟಲಿಲ್ಲ, ಹಾಗಾಗಿ ಮದುವೆಯಾಗಲಿಲ್ಲ. ದಿನಾ ಸಂಜೆ ಮೇಲಕ್ಕೆ ಹೋಗಿ ಎಲ್ಲ ಕೋಣೆಗಳ ದೀಪ ಹಾಕಿ, ಸ್ವಲ್ಪ ಹೊತ್ತು ನಿಂತು, ಆರಿಸಿ ಬರುತ್ತೇನೆ. ಬಲ್ಬು ಕೆಡಬಾರದಲ್ಲ.

ಫೆಬ್ರವರಿ ೫, ಬುಧವಾರ

ಗೋಡೆ ನೋಡಿದೆ. ಬೆರಳು ಇಟ್ಟರೆ ಪುಡಿ. ಸೊಂಟದ ಎತ್ತರದವರೆಗೆ ಗಾರೆ ಸತ್ತಿದೆ, ಗೀರುಗಳು ಮಾಸಿವೆ. ಎರಡು ಚೀಲ ಸಿಮೆಂಟು, ಒಂದು ದಿನದ ಕೆಲಸ. ಹಾಗೆಂದೆ.

"ಇಲ್ಲಿ ಸಿಮೆಂಟು ಹಾಕಲ್ಲ ಅಣ್ಣ" ಎಂದಳು ತಂಗಿ.

"ಯಾಕೆ, ನಿಮ್ಮೂರಲ್ಲಿ ಸಿಮೆಂಟಿಗೆ ಬಹಿಷ್ಕಾರವೋ?"

"ಅವರು ಹಾಕ್ತಿರಲಿಲ್ಲ."

ಅವರು ಎಂದರೆ ಭಾವ. ಒಳ್ಳೆಯ ಮನುಷ್ಯ, ಆದರೆ ಗೋಡೆ ಬಾಚುತ್ತಿದ್ದ ಮನುಷ್ಯ. ಅವನ ಬಾಚಣಿಗೆ ಇನ್ನೂ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ.

ಮಧ್ಯಾಹ್ನ ಒಬ್ಬಳು ಬಂದಳು. ಊರೆಲ್ಲ ಅವಳನ್ನು ಸುಣ್ಣದಕ್ಕ ಎನ್ನುತ್ತದೆ. ನನ್ನ ವಯಸ್ಸಿನವಳೇ, ನನಗೆ ಯಾವ ಕಡೆಯಿಂದ ಅಕ್ಕ? ಓಣಿಯ ಕೊನೆಯಲ್ಲಿ ಅವಳ ಸುಣ್ಣದ ಗುಂಡಿಗಳಿವೆ. ಕೈ ಎರಡೂ ಬಿಳಿ, ಹುಬ್ಬೂ ಬಿಳಿ, ನಾಲಿಗೆ ಮಾತ್ರ ಕಪ್ಪು. ಗೋಡೆಗೆ ಕಿವಿ ಇಟ್ಟು, ಡಾಕ್ಟರ ಹಾಗೆ ತಟ್ಟಿ ನೋಡಿ, "ಇದು ಸುಣ್ಣ ಕೇಳ್ತಿದೆ" ಎಂದಳು.

"ನನಗೇನೂ ಕೇಳಿಸಲಿಲ್ಲವಲ್ಲ" ಎಂದೆ.

"ಮಾತು ನಿಲ್ಲಿಸಿದ್ರೆ ಕೇಳಿಸುತ್ತೆ ಮೇಸ್ತ್ರಿ."

ನಾನು ನಮ್ಮೂರ ನೀರಿನ ಟ್ಯಾಂಕು ಕಟ್ಟಿದ್ದನ್ನು ಹೇಳಿದೆ. ಅವಳು ಇಲ್ಲಿನ ದೀಪಸ್ತಂಭ ಕಟ್ಟಿದ್ದು ತನ್ನ ಅಜ್ಜಿಯ ಸುಣ್ಣದಿಂದ ಎಂದಳು. ಟ್ಯಾಂಕು ನಿಜ, ಏಣಿ ಹಿಡಿದವನು ನಾನು. ದೀಪಸ್ತಂಭ ಶುದ್ಧ ಸುಳ್ಳು.

ಫೆಬ್ರವರಿ ೧೧, ಮಂಗಳವಾರ

ಮುಗಿಸಿದೆ! ತಂಗಿಯ ಕಣ್ಣು ತೋರಿಸಲು ತಾಯಿ ಮಗಳು ನಿನ್ನೆ ದೊಡ್ಡ ಊರಿಗೆ ಹೋದರು, ನಾಳೆ ಬರುತ್ತಾರೆ. ಕೈಕಟ್ಟಿ ಕೂರುವವನೇ ನಾನು? ಬಂದರಿನಿಂದ ಇಬ್ಬರು ಕೂಲಿಯವರನ್ನು ಹಿಡಿದು ತಂದು, ಸತ್ತ ಗಾರೆಯನ್ನು ಕೆರೆಸಿ, ಕೆಳಗಿನಿಂದ ಕಿಟಕಿಗೂಡಿನ ತೊಲೆಯವರೆಗೆ ಸಿಮೆಂಟು ಹೊಡೆದೆ. ಕೂಲಿಯವರಲ್ಲಿ ಒಬ್ಬ ಹೇಳಿದ, "ಈ ಊರಲ್ಲಿ ಇದನ್ನ ಮಾಡೋದಾ ಮೇಸ್ತ್ರಿ?" ನಿನಗೆ ಕೂಲಿ ಕೊಡುವುದು ಕಲಸಲು, ಯೋಚಿಸಲು ಅಲ್ಲ ಎಂದೆ.

ಎಂಥಾ ನುಣುಪು! ಇಡೀ ಓಣಿ ಕೆದರಿದ ತಲೆಯಲ್ಲಿ ನಿಂತಿರುವಾಗ ತಂಗಿಯ ಮನೆಯೊಂದು ಎಣ್ಣೆ ಹಚ್ಚಿ ಕೂತ ಹಾಗಿದೆ. ಸಂಜೆ ಸುಣ್ಣದಕ್ಕ ಹಾದುಹೋದಳು. ನಿಂತಳು. ಮುಟ್ಟಲಿಲ್ಲ.

"ಗೋಡೆಗೆ ರೈನ್‌ಕೋಟು ತೊಡಿಸಿದ್ದೀಯ. ಒಳಗೆ ಬೆವರುತ್ತೆ ನೋಡ್ತಿರು."

ಹೊಟ್ಟೆಯುರಿ. ಸುಣ್ಣ ಮಾರಾಟವಾಗಲಿಲ್ಲವಲ್ಲ!

ಫೆಬ್ರವರಿ ೧೨, ಬುಧವಾರ

ಬಂದರು. ಹುಡುಗಿ ಓಣಿಯಲ್ಲೇ ಕೂಗಾಡಿದಳು. "ಕೇಳೋದಕ್ಕೆ ಬಾಯಿರಲಿಲ್ವಾ ಮಾವ? ನಿಮ್ಮ ಮನೆ ಗೋಡೆಯಾ ಇದು?" ಎಂದೆಲ್ಲ. ನಾನು ಮಾತಾಡಲಿಲ್ಲ. ದೊಡ್ಡವರು ಮಾತಾಡಬಾರದು.

ತಂಗಿ ಹೊಸ ಗೋಡೆಯ ಮೇಲೆ ಅಂಗೈ ಇಟ್ಟಳು. ಕಣ್ಣಿಗೆ ಔಷಧಿ ಹಾಕಿದ್ದರಲ್ಲ, ಸರಿಯಾಗಿ ಕಾಣುತ್ತಿರಲಿಲ್ಲ. ಗೀರುಗಳನ್ನು ಹುಡುಕುವವಳ ಹಾಗೆ ಕೈಯನ್ನು ಆಚೆ ಈಚೆ ಆಡಿಸಿದಳು.

"ಬಹಳ ನುಣುಪಾಗಿದೆ ಅಣ್ಣ" ಎಂದಳು.

ನೋಡಿದಿರಾ? ಹೊಗಳಿದಳು.

ಫೆಬ್ರವರಿ ೧೬, ಭಾನುವಾರ

ಊರು ನೋಡುವವರ ಹಿಂಡು ಇಂದು ಹೆಚ್ಚು. ಪಕ್ಕದ ಮನೆಯ ಗೋಡೆಗೆ ಆತುಕೊಂಡು ಫೋಟೋ, ಎದುರು ಮನೆಯ ಬಾಗಿಲಿಗೆ ಆತುಕೊಂಡು ಫೋಟೋ. ನಾನು ನಮ್ಮ ಗೋಡೆಯ ಮುಂದೆ ಎದೆಯೆತ್ತಿ ನಿಂತಿದ್ದೆ. ಕ್ಯಾಮೆರಾ ಹಿಡಿದ ಒಬ್ಬಳು, "ಸ್ವಲ್ಪ ಪಕ್ಕಕ್ಕೆ ಬನ್ನಿ, ಆ ಸಿಮೆಂಟ್ ಗೋಡೆ ಚಿತ್ರದಲ್ಲಿ ಬರುತ್ತೆ" ಎಂದಳು. ಕುರುಡರ ಸಂತೆಯಲ್ಲಿ ಕನ್ನಡಿ ಮಾರಿದ ಹಾಗಾಯಿತು.

ಫೆಬ್ರವರಿ ೨೭, ಗುರುವಾರ

ನಾಲ್ಕು ದಿನದಿಂದ ಕಡಲ ಮಂಜು. ತಂಗಿ ಮಲಗುವ ಕೋಣೆಯ ಒಳಗೋಡೆ ಒದ್ದೆ. ಮಂಜಿಗೆ ಎಲ್ಲರ ಮನೆಯಲ್ಲೂ ಹೀಗಾಗುತ್ತದೆ ಎಂದೆ. ಎದುರು ಮನೆಗೆ ಹೋಗಿ ಮುಟ್ಟಿ ನೋಡಿದೆ. ಅವರದು ಒಣಗಿತ್ತು. ಅವರ ಮನೆಗೆ ಬಿಸಿಲು ಜಾಸ್ತಿ.

ಮಾರ್ಚ್ ೪, ಮಂಗಳವಾರ

ಒಳಗೋಡೆಗೆ ಉಪ್ಪಿನ ಗಡ್ಡ ಬಂದಿದೆ. ಬಿಳಿಯಾಗಿ, ಮೆತ್ತಗೆ, ಒರೆಸಿದರೆ ಮರುದಿನ ಮತ್ತೆ. ತಂಗಿ ಹಾಸಿಗೆಯನ್ನು ಗೋಡೆಯಿಂದ ದೂರ ಎಳೆದುಕೊಂಡಿದ್ದಾಳೆ. ಕಿಟಕಿಗೂಡು ಹೊತ್ತ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗದಲ್ಲಿ ಕಪ್ಪಾಗಿದೆ. ಮರ ಒಳ್ಳೆಯ ಜಾತಿಯದಲ್ಲ.

ಹೊರಗೆ ಪ್ಲಾಸ್ಟರನ್ನು ತಟ್ಟಿದೆ. ಟೊಳ್ಳಾಗಿ ಬೊಳ್ ಎಂದಿತು. ಇಲ್ಲಿನ ಮರಳಿನಲ್ಲಿ ದೋಷವಿದೆ, ಅದನ್ನು ನಾನು ಮೊದಲ ದಿನವೇ ಕಂಡಿದ್ದೆ.

ಹುಡುಗಿ ಸುಣ್ಣದಕ್ಕನನ್ನು ಕರೆತಂದಳು. ಅವಳು ಒಳಗೆ ನೋಡಿದಳು, ಹೊರಗೆ ನೋಡಿದಳು.

"ಮೇಲೆ ಥಳಕು, ಒಳಗೆ ಹುಳುಕು" ಎಂದಳು. "ಕಡಲ ಕಲ್ಲು ಉಪ್ಪು ನೀರು ಕುಡಿಯುತ್ತೆ. ಕುಡಿದದ್ದನ್ನ ಸುಣ್ಣದ ದಾರಿಲಿ ಉಸಿರಾಡಿ ಬಿಡುತ್ತೆ. ಗೀರು ಇದ್ರೆ ಇನ್ನೂ ಬೇಗ ಆರುತ್ತೆ. ಈ ಪುಣ್ಯಾತ್ಮ ಮೂಗು ಮುಚ್ಚಿದ್ದಾನೆ. ಈಗ ಒಳಗಡೆ ಬಿಡ್ತಿದೆ."

"ಇದನ್ನ ಬಿಚ್ಚಿ ಸುಣ್ಣ ಹಾಕಿದ್ರೆ?" ಹುಡುಗಿ ಕೇಳಿದಳು.

"ಬಿಚ್ಚಬೇಕು, ಆರಿಸಬೇಕು, ಗಾರೆ ಬಡಿಯಬೇಕು, ಹಾಕಬೇಕು, ಕಾಯಬೇಕು. ಪುರಸಭೆಯವರು ಬರೋದು ಈ ತಿಂಗಳ ಕೊನೆಗೆ. ನನ್ನ ಹತ್ರ ಇರೋದು ಎರಡು ಕೈ, ಅವನ್ನ ಆಗ್ಲೇ ಬೇರೆಯವರು ಕೇಳಿದ್ದಾರೆ."

ಹುಡುಗಿ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಈಗಿನ ಮಕ್ಕಳಿಗೆ ದೊಡ್ಡವರೆಂದರೆ ಲೆಕ್ಕವಿಲ್ಲ.

ಮಾರ್ಚ್ ೬, ಗುರುವಾರ

ಬೆಳಿಗ್ಗೆ ತಂಗಿ ಮೀನು ಹೆಚ್ಚುತ್ತಾ ಕೇಳಿದಳು, "ಅಣ್ಣ, ನಿನ್ನ ಮನೇಲಿ ಅಡುಗೆಮನೆ ಯಾವ ಕಡೆಗಿದೆ?"

"ಹಿಂದುಗಡೆ. ಯಾಕೆ?"

"ಕಿಟಕಿ ಇದೆಯಾ?"

"ಎರಡಿವೆ. ಉಕ್ಕಿನ ಸರಳು."

"ಅಲ್ಲಿಂದ ಏನು ಕಾಣುತ್ತೆ?"

"ಪಕ್ಕದ ಮನೆ ಗೋಡೆ. ಅದೂ ನಾನೇ ಕಟ್ಟಿದ್ದು."

"ಸರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಕೋಣೆಗೆ ಬೀಗ ಬಿದ್ಮೇಲೆ ಇಲ್ಲಿದ್ದು ಏನು ಮಾಡೋದು. ನಿನ್ನ ಜೊತೆಗೇ ಬರ್ತೀವಿ" ಎಂದಳು.

ಅಂತೂ ಬುದ್ಧಿ ಬಂತು! ನಾನು ಹೇಳಿದ್ದು ಇದನ್ನೇ ಅಲ್ಲವೆ? ಊಟವಾದ ಮೇಲೆ ಅವಳು ಪಾತ್ರೆಗಳನ್ನು ಬೇರೆ ಮಾಡತೊಡಗಿದಳು, ಒಯ್ಯುವುದು ಒಂದು ಕಡೆ, ಕೊಡುವುದು ಒಂದು ಕಡೆ. ಬಾಗಿಲ ಹಿಂದಿನ ಬಾಚಣಿಗೆಯನ್ನು ಇಳಿಸಿ ಎಣ್ಣೆ ಬಟ್ಟೆಯಿಂದ ಒರೆಸಿದಳು. ಹಿಡಿಯ ಮೇಲೆ ಭಾವನ ಹೆಬ್ಬೆರಳು ಕೂತು ಕೂತು ತಗ್ಗಾಗಿದೆ. ಅದರಲ್ಲಿ ತನ್ನ ಬೆರಳನ್ನು ಇಟ್ಟಳು, ತೆಗೆದಳು.

"ಇದನ್ನ ಸುಣ್ಣದಕ್ಕನಿಗೆ ಕೊಟ್ಟುಬಿಡೋಣ. ನಿನ್ನ ಮನೆಗೆ ಬೇಕಾಗಲ್ಲವಲ್ಲ."

ಬೇಕಾಗುವುದಿಲ್ಲ ಎಂದೆ.

ಮಾರ್ಚ್ ೭, ಶುಕ್ರವಾರ

ನಿದ್ದೆ ಬರಲಿಲ್ಲ. ಹಾಸಿಗೆ ಉಬ್ಬುತಗ್ಗು. ಮೀನು ಉಪ್ಪಾಗಿತ್ತು. ಬಂದ ಕೆಲಸ ಆಯಿತು.

ಮಾರ್ಚ್ ೮, ಶನಿವಾರ

ಕೈ ಸುಮ್ಮನಿರಲಿಲ್ಲ. ಉಳಿ ಸುತ್ತಿಗೆ ತೆಗೆದುಕೊಂಡು ಹೊರಗೆ ಹೋಗಿ ಪ್ಲಾಸ್ಟರನ್ನು ಬಿಚ್ಚತೊಡಗಿದೆ. ನನ್ನ ಕೆಲಸ ಎಂದರೆ ಸುಲಭಕ್ಕೆ ಬಿಡುವಂಥದ್ದಲ್ಲ, ದಿನಗಟ್ಟಲೆ ಹಿಡಿಯುತ್ತದೆ ಎಂದುಕೊಂಡಿದ್ದೆ. ಒಂದು ಏಟಿಗೆ ಬಾಗಿಲಗಲದ ಹಾಳೆಯೇ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಹಿಂದಿನ ಕಲ್ಲು ಒದ್ದೆಮುದ್ದೆ. ಮೂಗಿಗೆ ಹಳೆಯ ಬಾವಿಯ ವಾಸನೆ. ಮರಳು ಎಷ್ಟು ಕೆಟ್ಟದಿರಬೇಕು!

ಸದ್ದಿಗೆ ತಂಗಿ ಹೊರಗೆ ಬಂದಳು. ಟೀ ಲೋಟ ಕೈಯಲ್ಲೇ ಇತ್ತು.

"ಏನ್ ಮಾಡ್ತಿದ್ದೀಯ ಅಣ್ಣ?"

"ಕಾಣಲ್ವಾ? ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದದ್ದು ದಂಡ."

"ಗೋಡೆ ಹೋದ್ರೆ ಹೋಗ್ಲಿ. ನಿನ್ನ ಜೊತೆ ಬರ್ತೀನಿ ಅಂದ್ನಲ್ಲ."

"ನಿನ್ನ ಹಳೇ ಪಾತ್ರೆಗಳನ್ನೆಲ್ಲ ಎಲ್ಲಿಡ್ಲಿ? ನನ್ನ ಮನೇಲಿ ಜಾಗ ಇಲ್ಲ."

ಅವಳು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಪಾತ್ರೆಗಳನ್ನು ಮತ್ತೆ ಜೋಡಿಸುವ ಸದ್ದು ಕೇಳಿಸಿತು. ಹೆಂಗಸರಿಗೆ ಒಂದು ನಿರ್ಧಾರವೆಂಬುದಿಲ್ಲ.

ಮಾರ್ಚ್ ೧೦, ಸೋಮವಾರ

ಸುಣ್ಣದಕ್ಕನ ಅಂಗಳಕ್ಕೆ ಹೋದೆ. ಹೋದದ್ದು ಸುಣ್ಣ ಕೇಳಲು ಅಲ್ಲ, ಹೇಗಿದೆ ಎಂದು ನೋಡಲು.

"ಮೇಸ್ತ್ರಿಗಳು ದಾರಿ ತಪ್ಪಿದ್ರಾ?" ಎಂದಳು. ನೀರಿನಡಿಯಲ್ಲಿ ಮಲಗಿದ ಸುಣ್ಣವನ್ನು ಕೋಲಿನಿಂದ ತಿರುವುತ್ತಿದ್ದಳು; ಮೊಸರಿನ ಹಾಗೆ ದಪ್ಪ.

"ನಿನ್ನ ಎರಡು ಕೈ ಬೇರೆಯವರು ಕೇಳಿದ್ದಾರೆ ಅಂದೆಯಲ್ಲ. ನನ್ನ ಹತ್ರ ಎರಡಿವೆ."

"ಸಿಮೆಂಟಿನ ಕೈ. ಅವಸರದ ಕೈ."

"ಟ್ಯಾಂಕು ಕಟ್ಟಿದ ಕೈ."

"ಆ ಟ್ಯಾಂಕು ಸೋರುತ್ತಾ?"

ಸ್ವಲ್ಪ ಸೋರುತ್ತದೆ, ಪಶ್ಚಿಮದ ಕಡೆ. ಇವಳಿಗೆ ಹೇಗೆ ಗೊತ್ತು? ನಾನು ಗುಂಡಿಯ ಕಡೆ ಮುಖ ತಿರುಗಿಸಿದೆ. ಅವಳು ನಕ್ಕು ಮರದ ಬಡಿಕೋಲು ನನ್ನ ಕಡೆ ಎಸೆದಳು. ಸುಣ್ಣ ಮತ್ತು ಮರಳನ್ನು ಕಲಸಿ ಬಡಿಯಬೇಕು. ನೀರು ಸೇರಿಸುವಂತಿಲ್ಲ, ಬಡಿದಷ್ಟೂ ತಾನೇ ಮೆತ್ತಗಾಗುತ್ತದೆ. ಮೊದಲು ಕಲ್ಲಿನ ಹಾಗಿರುತ್ತದೆ. ನೋಡಿದವರಿಗೆ ಮೂರ್ಖರ ಕೆಲಸ ಎನಿಸುತ್ತದೆ. ಮೂರ್ಖರ ಕೆಲಸವೇ.

ಮಾರ್ಚ್ ೧೩, ಗುರುವಾರ

ಬಡಿದೆ.

ಮಾರ್ಚ್ ೧೪, ಶುಕ್ರವಾರ

ಬಡಿದೆ. ಹುಡುಗಿ ಮೇಲಿನ ಕೋಣೆಯ ಬಾಡಿಗೆಯವರಿಗೆ ಹಾಸಿಗೆ ಹಾಸಿ ಬಂದು ಪಕ್ಕದಲ್ಲಿ ಕೂತು ತಾನೂ ಬಡಿದಳು. ಗೋಡೆಗೆ ಉಪ್ಪು ಬಂದಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ಅಂಗೈ ಬೊಬ್ಬೆ ನೋಡಿ ಒಳಗೆ ಹೋಗಿ ಬಟ್ಟೆ ತಂದು ಸುತ್ತಿದಳು. ಬಿಗಿಯಾಗಿ ಸುತ್ತಿದಳು, ಬೇಕೆಂದೇ.

ಮಾರ್ಚ್ ೧೯, ಬುಧವಾರ

ಇವತ್ತಿನದು ವಿವರವಾಗಿ ಬರೆಯಬೇಕು. ನಾಳೆ ಬೇರೆಯವರು ಬೇರೆ ಥರ ಹೇಳುತ್ತಾರೆ.

ಕಲ್ಲು ಸಾಕಷ್ಟು ಆರಿತ್ತು. ಉಪ್ಪನ್ನು ಬ್ರಷ್ಷಿನಿಂದ ತೆಗೆದಿದ್ದೆವು. ಬೆಳಕು ಹರಿಯುತ್ತಲೇ ಸುಣ್ಣದಕ್ಕ ಗಾರೆ ಎಸೆಯಲು ನಿಂತಳು. ಎಸೆಯುವುದು ಎಂದರೆ ಎಸೆಯುವುದೇ, ಕರಣೆಯಿಂದ ಗೋಡೆಗೆ ಬಾರಿಸುತ್ತಾಳೆ, ಗಂಡನಿಗೆ ಬಾರಿಸಿದ ಹಾಗೆ. ಅಟ್ಟಣಿಗೆ ನಾನು ಕಟ್ಟಿದ್ದು. ಮೊದಲೇ ಗೋಣಿಗಳನ್ನು ನೆನೆಸಿ ಕಡಲ ಕಡೆಗೆ ಪರದೆಯ ಹಾಗೆ ಇಳಿಬಿಟ್ಟಿದ್ದೆ. "ಇವತ್ತು ಮೋಡ, ಗೋಣಿ ದಂಡ" ಎಂದು ಅವಳು ಕೊಂಕು ನುಡಿದಳು. ಹತ್ತು ಗಂಟೆಗೆ ಬಿಸಿಲು ಹೊಡೆಯಿತು, ಗಾಳಿಯೂ ಬಂತು. ನನ್ನ ಗೋಣಿ ಇಲ್ಲದಿದ್ದರೆ ಅಷ್ಟೂ ಗಾರೆ ಬಿರಿಯುತ್ತಿತ್ತು. ಅವಳು ತಾನೇ ಹೋಗಿ ಒಂದು ಗೋಣಿಯನ್ನು ನೆನೆಸಿ ತಂದಳು. ಅಷ್ಟು ಸಾಕು ನನಗೆ.

ಗಾರೆ ಬಿಗಿಯುವ ಮೊದಲು ಬಾಚಬೇಕು. ತಂಗಿ ಕೆಳಗಿನ ಸಾಲುಗಳನ್ನು ಎಳೆದಳು. ಇವರ ಮನೆಯ ಗೀರು ಅಲೆ: ಬಾಗಿಲಿನಿಂದ ಮೂಲೆಯವರೆಗೆ ಒಂದೇ ಉಸಿರಿನಲ್ಲಿ, ಕೈ ಎತ್ತದೆ. ಕಣ್ಣು ಅರೆಬರೆ ಕಾಣುವ ಹೆಂಗಸು ಒಂದು ಸಾಲನ್ನೂ ತಪ್ಪಲಿಲ್ಲ. ಅಟ್ಟಣಿಗೆಯ ಮೇಲಿನದನ್ನು ಹುಡುಗಿ ಎಳೆದಳು. ನಡುವೆ ಒಂದು ಪಟ್ಟಿ ಉಳಿಯಿತು. ಕೆಳಗೆ ನಿಂತರೆ ತಂಗಿಗೆ ಎಟುಕದು, ಅಟ್ಟಣಿಗೆಯಿಂದ ಹುಡುಗಿಗೆ ಬಗ್ಗಲಾಗದು. ಗಾರೆ ಬಿಗಿಯುತ್ತಿತ್ತು.

"ಎತ್ತರ ಇರೋದು ನೀವೊಬ್ರೇ ಮಾವ" ಎಂದಳು ಹುಡುಗಿ. ಅಷ್ಟು ದಿನದ ಮೇಲೆ ಆಡಿದ ಮೊದಲ ಮಾತು ಅದು.

"ಮನೆಯವರೇ ಎಳೀಬೇಕು ಅಂತೀರಲ್ಲ" ಎಂದೆ.

ತಂಗಿ ಬಾಚಣಿಗೆಯನ್ನು ನನ್ನ ಕೈಗೆ ತುರುಕಿದಳು. "ಹಿಡಿ ಅಣ್ಣ, ಒಣಗ್ತಿದೆ!"

ಹೆಬ್ಬೆರಳು ತಾನಾಗಿಯೇ ಭಾವನ ತಗ್ಗಿನಲ್ಲಿ ಕೂತಿತು. ಎಳೆದೆ. ಚೆನ್ನಾಗಿಯೇ ಹೋಗುತ್ತಿತ್ತು, ನೀರಿನಲ್ಲಿ ದೋಣಿ ಹೋದ ಹಾಗೆ. ಹಾಗಾಗಿ ಸುಣ್ಣದಕ್ಕನ ಕಡೆ ತಿರುಗಿ, "ನೋಡು, ಸಿಮೆಂಟಿನ ಕೈ ಅಂದೆಯಲ್ಲ..." ಎಂದೆ. ಅಷ್ಟರಲ್ಲಿ ಅಲೆ ಸೊಟ್ಟಾಯಿತು. ನಡುವೆ ಒಂದು ಗಂಟು, ಎಡವಿದವನ ಹೆಜ್ಜೆಯ ಹಾಗೆ.

"ನೆಲ ಏರುಪೇರು" ಎಂದೆ.

"ಕುಣೀಲಾರದವಳಿಗೆ ನೆಲ ಡೊಂಕು" ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು. ತಿದ್ದಲು ಹೋದೆ, ಕೈ ಹಿಡಿದಳು. "ಬಿಡು. ತಿದ್ದಿದ್ರೆ ಗಾಯ ಆಗುತ್ತೆ." ಅವಳ ಕೈ ಸುಣ್ಣದಿಂದ ಮರಳುಕಾಗದದ ಹಾಗಿದೆ.

ಮಾರ್ಚ್ ೨೩, ಭಾನುವಾರ

ದಿನಕ್ಕೆ ಹಲವು ಸಲ ಗೋಣಿ ನೆನೆಸುತ್ತೇನೆ. ಇಂದು ಊರು ನೋಡುವ ಕುಟುಂಬವೊಂದು ಬಂದು ಗೋಣಿಯ ಪರದೆ ಸರಿಸಿ, ಹಸಿ ಗೋಡೆಗೆ ಬೆನ್ನು ಕೊಟ್ಟು ಫೋಟೋಗೆ ನಿಲ್ಲಲು ಹೊರಟಿತು.

"ದೂರ, ದೂರ! ಅದೇನು ನಿಮ್ಮನೆ ಸೋಫಾನಾ?" ಎಂದು ಕೂಗಿದೆ.

"ಬರೀ ಗೋಡೆ ತಾನೆ?" ಎಂದ ಯಜಮಾನ.

ಬರೀ ಗೋಡೆಯಂತೆ. ನಾಲ್ಕು ಅಕ್ಷರ ಕಲಿತು ಕ್ಯಾಮೆರಾ ತೂಗುಹಾಕಿಕೊಂಡರೆ ಬುದ್ಧಿ ಬರುತ್ತದೆಯೆ? ಅದು ಉಸಿರಾಡುವ ಗೋಡೆ, ಕಡಲು ಕುಡಿದು ಕಡಲು ಬಿಡುವ ಗೋಡೆ, ಗೀರು ಅಂದಕ್ಕಲ್ಲ ಆರುವುದಕ್ಕೆ ಎಂದು ನಿಂತಲ್ಲೇ ಪಾಠ ಮಾಡಿದೆ. ಅವನ ಮಗಳು ಕೇಳಿಸಿಕೊಂಡಳು, ಅವನಲ್ಲ. ಇಂಥವರನ್ನು ಊರೊಳಗೆ ಬಿಡುವುದೇ ತಪ್ಪು.

ಮಾರ್ಚ್ ೩೧, ಸೋಮವಾರ

ಪುರಸಭೆಯವರು ಬಂದರು. ಪುರಸಭೆಯವರು ಎಂದರೆ ದಂಡೇನಲ್ಲ, ದಪ್ಪ ಕನ್ನಡಕದ ಒಬ್ಬ ಮನುಷ್ಯ. ಪರೀಕ್ಷೆಯಂತೆ! ಉಗುರಿನಿಂದ ಕೆರೆದ, ತಟ್ಟಿದ, ಮೂಸಿದ. ಉಗುರಿನಲ್ಲಿ ಕೆರೆಯಲು ಕೋಳಿ ಸಾಲದೆ?

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನಗೇನೂ ಆಗಲಿಲ್ಲ, ಅಂಗಿ ಬೆನ್ನಿಗೆ ಅಂಟಿದ್ದು ಸೆಕೆಗೆ.

ಕನ್ನಡಕದವನು ಒಳಗೆ ಹೋಗಿ ಗೋಡೆ ಮುಟ್ಟಿ ಬಂದ. ಹೊರಗೆ ಬಂದವನು ನಡುವಿನ ಪಟ್ಟಿಯ ಹತ್ತಿರ ನಿಂತ. ಸೊಟ್ಟ ಗಂಟಿನ ಮೇಲೆ ಬೆರಳಿಟ್ಟ.

"ಇದು ಯಾರ ಕೈ?"

ಎಲ್ಲರೂ ಸುಮ್ಮನಾದರು. ಸುಣ್ಣದಕ್ಕ ಕೂಡ. ಜನ್ಮದಲ್ಲಿ ಸುಮ್ಮನಿರದವಳು.

"ನಮ್ಮಣ್ಣಂದು" ಎಂದಳು ತಂಗಿ.

"ಮನೆಯವರೇ ತಾನೆ?"

"ಮನೆಯವನೇ."

"ಸರಿ" ಎಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದ. ಕೋಣೆಗಳಿಗೆ ಬೀಗವಿಲ್ಲ. ಹುಡುಗಿ ಓಣಿಯಲ್ಲೇ ನನ್ನನ್ನು ಅಪ್ಪಿಕೊಂಡು, ಜೇಬಿನ ಬಾಚಣಿಗೆ ತೆಗೆದು ನನ್ನ ತಲೆಯ ಹಿಂಭಾಗವನ್ನು ಬಾಚಿದಳು. ಇದ್ದಷ್ಟನ್ನೂ. ನಾಲ್ಕು ಜನರ ಮುಂದೆ! ಮಾನ ಮರ್ಯಾದೆ ಇಲ್ಲದ ಊರು. ಗಾಳಿಗೆ ಕಣ್ಣಿಗೆ ಸುಣ್ಣದ ಪುಡಿ ಬಿತ್ತು.

ಏಪ್ರಿಲ್ ೨, ಬುಧವಾರ

ಹೊರಟೆ. "ಮಳೆ ಶುರುವಾಗೋ ಮೊದಲು ಮೇಲೆ ಸುಣ್ಣದ ನೀರು ಹೊಡೀಬೇಕು" ಎಂದಳು ಸುಣ್ಣದಕ್ಕ, ಬಸ್ಸಿನ ಹತ್ತಿರ. ಮೀನು ಕೊಳ್ಳಲು ಬಂದಿದ್ದಳಂತೆ. ಮೀನು ಸಿಗುವುದು ಬಂದರಿನಲ್ಲಿ, ಬಸ್ಸಿನ ಹತ್ತಿರವಲ್ಲ.

"ನನಗೆ ಬೇರೆ ಕೆಲಸ ಇಲ್ವಾ?" ಎಂದೆ.

"ಇದೆಯಲ್ಲ, ಟ್ಯಾಂಕಿನ ಸೋರಿಕೆ ನಿಲ್ಲಿಸೋದು."

ತಂಗಿಯೂ ಬಂದಿದ್ದಳು. ಕೈಗೆ ಬುತ್ತಿ ಕೊಟ್ಟಳು. ಇಬ್ಬರಿಗಾಗುವಷ್ಟಿತ್ತು.

ಏಪ್ರಿಲ್ ೩, ಗುರುವಾರ

ಮನೆ ತಲುಪಿದೆ. ನನ್ನ ಏಳಡಿ ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋದೆ. ಯಾರೂ ನೋಡಲಿಲ್ಲ.

ಏಪ್ರಿಲ್ ೧೦, ಗುರುವಾರ

ಮೇಲೆ ಹೋಗಿ ದೀಪ ಹಾಕಿದೆ. ಗೋಡೆ ತಟ್ಟಿದೆ. ಕಿವುಡು. ಏನು ಹೇಳಿದರೂ ತಿರುಗಿ ಹೇಳುವುದಿಲ್ಲ. ಇಷ್ಟು ನುಣುಪು ಯಾಕೆ ಬೇಕಿತ್ತೋ, ಕಟ್ಟಿಸಿದವನಿಗೇ ಗೊತ್ತು.

ಏಪ್ರಿಲ್ ೧೭, ಗುರುವಾರ

ಅಂಗಡಿಯವನೊಬ್ಬನ ಕಾಂಪೌಂಡು ಗೋಡೆಯ ಕೆಲಸ ಹಿಡಿದಿದ್ದೇನೆ. ಪ್ಲಾಸ್ಟರು ಹಸಿಯಾಗಿತ್ತು. ಜೇಬಿನ ಬಾಚಣಿಗೆ ತೆಗೆದು, ಮೂಲೆಯಲ್ಲಿ, ಕಾಣದ ಕಡೆ, ಒಂದು ಸಾಲು ಎಳೆದು ನೋಡಿದೆ. ಆಮೇಲೆ ಇನ್ನೊಂದು. ಸಿಮೆಂಟಿಗೆ ಬಾಚಣಿಗೆಯ ರುಚಿ ಗೊತ್ತಿಲ್ಲ, ಹಲ್ಲುಗಳೇ ಮುರಿದವು.

"ಇದೇನ್ರೀ ಮೇಸ್ತ್ರಿ, ಕೋಳಿ ಕೆರೆದ ಹಾಗಿದೆ?" ಎಂದ ಅಂಗಡಿಯವನು.

"ನಿಮ್ಮಂಥವರಿಗೆ ಗೋಡೆ ಅಂದ್ರೆ ಏನು ಅಂತ ಗೊತ್ತಾಗಲ್ಲ ಬಿಡಿ" ಎಂದೆ. ಕರಣೆಯಿಂದ ಒರೆಸಿ ನುಣ್ಣಗೆ ಮಾಡಿಕೊಟ್ಟೆ. ಅವನಿಗೆ ಅಷ್ಟೇ ಯೋಗ್ಯತೆ.

ಏಪ್ರಿಲ್ ೨೧, ಸೋಮವಾರ

ಹುಡುಗಿ ಫೋನು ಮಾಡಿದ್ದಳು. ಊರು ನೋಡುವವರೆಲ್ಲ ನನ್ನ ಸೊಟ್ಟ ಗಂಟಿನ ಮುಂದೆಯೇ ನಿಂತು ಫೋಟೋ ತೆಗೆಯುತ್ತಾರಂತೆ. ಇವಳು ಅವರಿಗೆ, "ಇಂಥಾ ಗೀರು ಈ ಊರಲ್ಲಿ ಇದೊಂದೇ ಇರೋದು" ಎಂದು ಹೇಳುತ್ತಾಳಂತೆ. ಸುಣ್ಣದಕ್ಕ ಸುಣ್ಣದ ನೀರು ಹೊಡೆಯಲು ಗುಂಡಿ ತಿರುವಿದ್ದಾಳಂತೆ, ಗೋಣಿ ನೆನೆಸುವವರು ಯಾರೂ ಇಲ್ಲವಂತೆ.

ಇಡೀ ಊರಿನಲ್ಲಿ ಕೆಟ್ಟಿರುವುದು ಒಂದೇ ಒಂದು ಗೀರು, ಈ ಮೂರ್ಖರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ! ನನ್ನ ಹೆಸರು ಕೆಡುತ್ತದೆ. ಹೋಗಿ ಅದನ್ನು ಅಳಿಸಿ ಬರಬೇಕು. ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಮೇಲಿನ ಕೋಣೆಗಳ ಬಲ್ಬುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದೆ. ಇಲ್ಲಿ ಸುಮ್ಮನೆ ಕೆಡುತ್ತವೆ, ಆ ಓಣಿ ಕತ್ತಲೆ. ಅಳಿಸುವುದು ಒಂದು ದಿನದ ಕೆಲಸ. ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಿದ್ದೇನೆ. ಆ ದರಿದ್ರ ಊರಿನಲ್ಲಿ ತೊಳೆದ ಬಟ್ಟೆ ಒಣಗುವುದಿಲ್ಲ.